ರಥಬೀದಿಗೆ ಕಾಣದ ಏಳು ಪ್ಯಾನೆಲ್: ಬನವಾಸಿಯ ಹಂಚಿನ ಮನೆಗೆ ಸೋಲಾರ್ ಹಾಕಿದ ಲೆಕ್ಕ

ನಮ್ಮ ಮನೆ ಬನವಾಸಿಯಲ್ಲಿ. ಮಧುಕೇಶ್ವರ ದೇವಸ್ಥಾನದ ಪೌಳಿಯಿಂದ ಸುಮಾರು 140 ಮೀಟರ್ ದೂರ. ಅಜ್ಜನ ಕಾಲದ ಮನೆ. ಮಣ್ಣಿನ ಗೋಡೆ, ಮರದ ಕಂಬದ ಜಗುಲಿ, ಮಂಗಳೂರು ಹಂಚು. ಮುಂದಿನ ಮಾಡು (ಚಾವಣಿ) ಪೂರ್ವಕ್ಕೆ, ರಥಬೀದಿಯ ಕಡೆಗೆ ಇಳಿಯುತ್ತದೆ. ತೇರಿನ ದಿನ ನಮ್ಮ ಬೀದಿಯಲ್ಲಿ ನಿಂತು ನೋಡಿದರೆ ಒಂದರ ಪಕ್ಕ ಒಂದು ಹಂಚಿನ ಮಾಡೇ ಕಾಣುತ್ತದೆ. ಆ ಸಾಲು ನನಗೆ ತುಂಬಾ ಇಷ್ಟ. ಅದರ ನಡುವೆ ನೀಲಿ ಗಾಜು ಹೊಳೆಯಬಾರದು ಅಂತ ಮೊದಲ ದಿನವೇ ಅಂದುಕೊಂಡಿದ್ದೆ.

ಇಂಥ ಮನೆಗೆ ಸೋಲಾರ್ ಹಾಕಿಸಿದವರ ಅನುಭವ ನಾನು ಹುಡುಕಿದಾಗ ಸರಿಯಾಗಿ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಆರ್‌ಸಿಸಿ ಟೆರೇಸಿನ ಕಥೆ. ಅದಕ್ಕೇ ನಾವು ಮಾಡಿದ್ದು, ತಪ್ಪಿದ್ದು, ಮತ್ತೆ ಸರಿ ಮಾಡಿದ್ದು ಎಲ್ಲ ಬರೆದಿಡುತ್ತಿದ್ದೇನೆ.

ಯಾಕೆ ಬೇಕಾಯಿತು

ಗೃಹಜ್ಯೋತಿಯ ಉಚಿತ ಕರೆಂಟ್ ಇದೆಯಲ್ಲ, ಸೋಲಾರ್ ಯಾಕೆ ಅಂತ ಎಲ್ಲರೂ ಕೇಳಿದರು. ನ್ಯಾಯವಾದ ಪ್ರಶ್ನೆ. ತಿಂಗಳಿಗೆ 80–100 ಯೂನಿಟ್ ಖರ್ಚಿರುವ ಮನೆಗೆ ಸೋಲಾರಿನಿಂದ ಹಣ ಉಳಿಯುವುದಿಲ್ಲ, ಹಾಕಿಸಬೇಡಿ ಅಂತಲೇ ಹೇಳುತ್ತೇನೆ. ನಮ್ಮ ಮನೆ ಮಾತ್ರ 200 ಯೂನಿಟ್ ದಾಟುತ್ತಿತ್ತು. ಎರಡು ಫ್ರಿಜ್, ಇಂಡಕ್ಷನ್ ಒಲೆ, ಬಾವಿಯ ಪಂಪು, ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಯಂತ್ರ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ವರ್ಷದಲ್ಲಿ ಏಳೆಂಟು ತಿಂಗಳು ಹೀಗೇ ಆಗುತ್ತಿತ್ತು.

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಅಥವಾ ಅದಕ್ಕಿಂತ ಜಾಸ್ತಿ ಹಾಕಿಸಿದರೆ 78,000 ರೂಪಾಯಿ ಸಹಾಯಧನ. ನೋಂದಾಯಿತ ಮಾರಾಟಗಾರರಿಂದಲೇ ಹಾಕಿಸಬೇಕು. ಪ್ಯಾನೆಲ್ ಮತ್ತು ಅದರೊಳಗಿನ ಸೆಲ್ ಎರಡೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ನಾನು 540 ವ್ಯಾಟಿನ ಆರು ಪ್ಯಾನೆಲ್, ಅಂದರೆ 3.24 ಕಿಲೋವ್ಯಾಟ್ ಅಂತ ತೀರ್ಮಾನಿಸಿದೆ. ಏಳನೆಯದು ಸಣ್ಣದು, ಅದರ ಕಥೆ ಬೇರೆ, ಮುಂದೆ ಬರುತ್ತದೆ.

ನವೆಂಬರ್ 2024: ಯಾವ ಮಾಡು?

ಮಾರಾಟಗಾರರ ಕಡೆಯ ಹುಡುಗ ಬಂದು, ಬೀದಿಯಲ್ಲೇ ನಿಂತು ಫೋಟೋ ತೆಗೆದು, ಮುಂದಿನ ಮಾಡಿನ ಮೇಲೆ ಏಳಡಿ ಎತ್ತರದ ಕಬ್ಬಿಣದ ಕಂಬ ನಿಲ್ಲಿಸಿ ಅದರ ಮೇಲೆ ಪ್ಯಾನೆಲ್ ಕೂರಿಸುವ ನಕ್ಷೆ ಕಳಿಸಿದ. ಕಂಬ ಹೋಗುವಲ್ಲಿ ಹಂಚು ಒಡೆದು ತೂತು ಮಾಡಿ, ಸುತ್ತ ಸಿಮೆಂಟು ಮೆತ್ತುತ್ತಾರಂತೆ. "ಎಲ್ಲರೂ ಹೀಗೇ ಹಾಕಿಸ್ತಾರೆ ಸರ್" ಅಂದ. ಆಯಿ (ಅಮ್ಮ) ಜಗುಲಿಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಿದ್ದರು. ಅವನು ಹೋದ ಮೇಲೆ ಒಂದೇ ಮಾತು: "ತಮಾ, ಮಾಡು ಹಾಳು ಮಾಡಡ. ನಾಳೆ ಅದು ಬೇಡ ಅನ್ಸಿದ್ರೆ ತೆಗೆದು ಇಡೂ ಹಾಂಗಿರ್ಲಿ."

ಇಡೀ ಕೆಲಸಕ್ಕೆ ಅದೇ ನಿಯಮವಾಯಿತು. ಬಿಚ್ಚಿ ತೆಗೆದರೆ ಮನೆ ಮೊದಲಿನ ಹಾಗೇ ಇರಬೇಕು. ಸಿಮೆಂಟು ಬೇಡ, ಒಡೆದ ಹಂಚು ಬೇಡ, ಹಳೆ ಕಂಬಕ್ಕೆ ಒಂದು ಮೊಳೆಯೂ ಬೇಡ. ಆಮೇಲೆ ಓದಿದಾಗ ಗೊತ್ತಾಯಿತು, ಅಮೆರಿಕದಲ್ಲಿ ಹಳೆ ಕಟ್ಟಡಗಳ ದುರಸ್ತಿಗೆ ಅಲ್ಲಿನ ಸರ್ಕಾರ ಇಟ್ಟಿರುವ ಸೂತ್ರಗಳಲ್ಲೂ ಇದೇ ಇದೆ. ಹೊಸದಾಗಿ ಸೇರಿಸಿದ್ದನ್ನು ಮುಂದೆ ತೆಗೆದರೆ ಮೂಲ ಕಟ್ಟಡಕ್ಕೆ ಏನೂ ಆಗಬಾರದು. ಪ್ಯಾನೆಲ್ ಇಡುವುದಾದರೆ ಬೀದಿಗೆ ಕಾಣದ ಹಿಂದಿನ ಮಾಡಿಗೆ ಇಡಿ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಮನೆಗಳ ಇಳಿಜಾರು ಮಾಡಿನ ಮೇಲೆ ಅನುಮತಿ ಇಲ್ಲದೆ ಪ್ಯಾನೆಲ್ ಹಾಕಬೇಕೆಂದರೆ ಅದು ಮಾಡಿನಿಂದ 20 ಸೆಂಟಿಮೀಟರಿಗಿಂತ ಮೇಲೆ ಏಳಬಾರದು. ಆ 20 ಸೆಂಟಿಮೀಟರ್ ಅಳತೆ ನನಗೆ ತುಂಬಾ ಉಪಯೋಗಕ್ಕೆ ಬಂತು. ನಾನು 12ಕ್ಕೆ ನಿಲ್ಲಿಸಿದೆ.

ಮನೆಯ ಹಿಂದೆ ಕೊಟ್ಟಿಗೆ ಇದೆ. 33 ಅಡಿ ಉದ್ದ. ಒಂದು ಮಾಡು ನೇರ ದಕ್ಷಿಣಕ್ಕೆ ಇಳಿಯುತ್ತದೆ. ಬೀದಿಗೂ ಅದಕ್ಕೂ ನಡುವೆ ಮನೆಯೇ ಅಡ್ಡ. ಬೀದಿಯ ಎರಡೂ ತುದಿಯಲ್ಲಿ ನಿಂತು, ದೇವಸ್ಥಾನದ ಬಾಗಿಲ ಹತ್ತಿರ ನಿಂತು, ಕೊಟ್ಟಿಗೆಯ ಮೇಲೆ ಕೆಂಪು ಬೆಡ್‌ಶೀಟ್ ಹಾಸಿಸಿ ನೋಡಿದೆ. ಎಲ್ಲಿಂದಲೂ ಕಾಣಲಿಲ್ಲ. ಇದನ್ನು ನೀವೂ ಮಾಡಿ. ಅಂದಾಜಿನಲ್ಲಿ ಕಾಣುವುದಿಲ್ಲ ಅನ್ನಬೇಡಿ, ಬಟ್ಟೆ ಹಾಸಿ ನೋಡಿ.

ಇಳಿಜಾರು ಒಂದಡಿಗೆ ಆರೂವರೆ ಇಂಚು, ಅಂದರೆ ಸುಮಾರು 28 ಡಿಗ್ರಿ. ಬನವಾಸಿ ಇರುವುದು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಲೆಕ್ಕಕ್ಕೆ ಪ್ಯಾನೆಲ್ ಕೂಡ ಸುಮಾರು ಅಷ್ಟೇ ವಾಲಿದ್ದರೆ ಸಾಕು. ನಮ್ಮದು ಅದರ ಎರಡರಷ್ಟು ಕಡಿದು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರದಲ್ಲಿರುತ್ತಾನೆ, ಆಗ ದಕ್ಷಿಣದ ಮಾಡಿಗೆ ಓರೆ ಬಿಸಿಲು. ಆದರೆ ಅದರಲ್ಲಿ ಎರಡು ತಿಂಗಳಿಗೂ ಜಾಸ್ತಿ ನಮಗೆ ಹೇಗೂ ಬಿಸಿಲೇ ಇಲ್ಲ. ಅಕ್ಟೋಬರಿಂದ ಮಾರ್ಚ್‌ವರೆಗೆ, ಆಕಾಶ ಶುಭ್ರ ಇರುವಾಗ, ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ಕಡಿದಾದ ಮಾಡಿಗೆ ಇನ್ನೊಂದು ಲಾಭ, ಪಾಚಿ ನಿಲ್ಲುವುದಿಲ್ಲ, ಮಳೆಯೇ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಇಳಿಜಾರು ಬದಲಿಸಲು ಹೋಗಲಿಲ್ಲ.

ಒಂದು ತೆಂಗಿನ ಮರದ ನೆರಳು ಮಧ್ಯಾಹ್ನ ಮೂರೂವರೆ ಮೇಲೆ ಪಶ್ಚಿಮದ ತುದಿಗೆ ಬೀಳುತ್ತದೆ. ಮರ ಕಡಿಯಿರಿ ಅಂತ ಸಲಹೆ ಬಂತು. ಕಡಿಯಲಿಲ್ಲ. ಆರು ಪ್ಯಾನೆಲ್‌ಗಳನ್ನೂ ಪೂರ್ವಕ್ಕೆ ಸರಿಸಿದೆ. ಒಂದೇ ಸಾಲಿನಲ್ಲಿ ಕೂಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿಗೆ ಏಟು, ಇದು ನೆನಪಿರಲಿ.

ಡಿಸೆಂಬರ್, ಜನವರಿ: ಕಾಗದದ ಕೆಲಸ

ಮಧುಕೇಶ್ವರ ದೇವಸ್ಥಾನ ಕೇಂದ್ರದ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳೆಯುವುದು ಗರ್ಭಗುಡಿಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ನಮ್ಮೂರಲ್ಲಿ ತುಂಬಾ ಜನ ಇದನ್ನು ತಪ್ಪು ತಿಳಿದುಕೊಂಡಿದ್ದಾರೆ. 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲವೇ ಇಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ತೆಗೆದುಕೊಂಡು ಕಟ್ಟಬಹುದು, ದುರಸ್ತಿ ಮಾಡಬಹುದು. ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರದ ಮೂಲಕ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ.

ಒಂದು ಕಚೇರಿಯಲ್ಲಿ ಕೇಳಿದಾಗ "ಸೋಲಾರಿಗೆಲ್ಲ ಯಾರು ಕೇಳ್ತಾರೆ, ಸುಮ್ನೆ ಹಾಕ್ಕೊಳ್ಳಿ" ಅಂದರು. ನನಗೆ ಅದು ಸರಿ ಅನಿಸಲಿಲ್ಲ. ಏಳಡಿ ಕಂಬ ನಿಲ್ಲಿಸಿದರೆ ಅದು ಮನೆಯನ್ನು ಎತ್ತರಿಸಿದ ಹಾಗೆ ಅಂತ ಯಾರಾದರೂ ಹೇಳಬಹುದು. ನಾಳೆ ನೋಟಿಸ್ ಬಂದರೆ ನಷ್ಟ ನಮ್ಮದು. ಅದಕ್ಕಿಂತ ಮುಖ್ಯವಾಗಿ, ಆ ನಿಯಮ ಇರುವುದರಿಂದಲೇ ನಮ್ಮ ಬೀದಿ ಇನ್ನೂ ಬೀದಿಯ ಹಾಗೆ ಉಳಿದಿದೆ. ಕದಂಬರ ಕಾಲದಿಂದ ಇರುವ ಊರು ಇದು. ಕಾಯ್ದೆಯನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ.

ಕೊಟ್ಟಿಗೆಯ ಹಂಚು ಇಳಿಸಿ ಪಕ್ಕಾಸು (ಮಾಡು ಹೊರುವ ಇಳಿಜಾರು ಮರ) ಬದಲಿಸುವ ಕೆಲಸವೂ ಇತ್ತು, ಎರಡನ್ನೂ ಸೇರಿಸಿ ಒಂದೇ ಅರ್ಜಿ ಹಾಕಿದೆ. ಜೊತೆಗೆ ಇಟ್ಟಿದ್ದು ಜಾಗದ ದಾಖಲೆ, ದೂರ ತೋರಿಸುವ ನಕ್ಷೆ, ನಾಲ್ಕೂ ದಿಕ್ಕಿನ ಫೋಟೋ, ಕೊಟ್ಟಿಗೆಯ ಅಡ್ಡಕೊಯ್ತದ ಚಿತ್ರ. ಆ ಚಿತ್ರದಲ್ಲಿ ಮಾಡಿನ ನೆತ್ತಿಯ ಎತ್ತರ ಒಂದಿಂಚೂ ಏರುವುದಿಲ್ಲ, ಪ್ಯಾನೆಲ್ ಹಂಚಿನಿಂದ 12 ಸೆಂಟಿಮೀಟರ್ ಮಾತ್ರ ಮೇಲೆ ಅಂತ ಅಳತೆ ಬರೆದಿದ್ದೆ. ಬೆಡ್‌ಶೀಟ್ ಹಾಸಿ ಬೀದಿಯಿಂದ ತೆಗೆದ ಫೋಟೋಗಳನ್ನೂ ಸೇರಿಸಿದೆ. ಏಳೂ ಪ್ಯಾನೆಲ್ ಆಗಲೇ ಬರೆದುಬಿಟ್ಟಿದ್ದೆ, ಆಮೇಲೆ ಒಂದು ಸೇರಿಸಲು ಮತ್ತೆ ಓಡಾಡುವುದು ಬೇಡ ಅಂತ. ಒಪ್ಪಿಗೆ ಕೈಗೆ ಬರುವ ಹೊತ್ತಿಗೆ ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿತ್ತು. ಒಳ್ಳೆಯದೇ ಆಯಿತು. ಸುಗ್ಗಿಯಲ್ಲಿ ಆಳು ಸಿಗುತ್ತಿರಲಿಲ್ಲ.

ಫೆಬ್ರವರಿ 2025: ಹಂಚು ಇಳಿಸಿದಾಗ ಕಂಡದ್ದು

ಪ್ಯಾನೆಲ್ ಒಂದು ಸಲ ಕೂತರೆ 25 ವರ್ಷ. ಅದರ ಕೆಳಗಿನ ಮರ ಅಷ್ಟು ವರ್ಷ ತಾಳಬೇಕು. ಅದಕ್ಕೆ ಮೊದಲು ಮಾಡು, ಆಮೇಲೆ ಸೋಲಾರ್. ಮಾರಾಟಗಾರರಿಗೆ ಇದು ಬೇಡದ ತಲೆನೋವು, ಅವರ ಲೆಕ್ಕದಲ್ಲಿ ಎರಡು ದಿನದ ಕೆಲಸ ಅಷ್ಟೇ. ನಮ್ಮ ಬಡಗಿ ಆಚಾರ್ರು ಮಾತ್ರ ಹಂಚು ಇಳಿಸದೆ ಒಂದು ಸ್ಕ್ರೂ ಕೂಡ ಹಾಕಿಸಲಾರೆ ಅಂದರು.

ಅವರು ಹೇಳಿದ್ದೇ ಸರಿಯಾಯಿತು. 17 ಪಕ್ಕಾಸಿನಲ್ಲಿ ಐದರ ಕೆಳತುದಿ ಲಡ್ಡಾಗಿತ್ತು, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಎರಡಕ್ಕೆ ವರಲೆ (ಗೆದ್ದಲು) ಹಿಡಿದಿತ್ತು. ಹಂಚು ಕೂರುವ ಅಡ್ಡ ರೀಪಿನ ಬದಲು ಅರ್ಧ ಭಾಗಕ್ಕೆ ಸೀಳಿದ ಅಡಿಕೆ ಮರದ ದಬ್ಬೆ ಹಾಕಿದ್ದರು. ಹಂಚು ಹೊರಲು ಅದು ಸಾಕು, ಆದರೆ ಮೇಲೆ ಹತ್ತಿ ಓಡಾಡಿ ಕೆಲಸ ಮಾಡಲು ಆಗುವುದಿಲ್ಲ.

ಭಾರದ ಲೆಕ್ಕ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಒಂದು ಚದರ ಮೀಟರಿಗೆ ಸುಮಾರು 15 ಹಂಚು. ಒಂದೊಂದು ಎರಡೂಕಾಲು, ಎರಡೂವರೆ ಕಿಲೋ. ಅಂದರೆ ಹಂಚೇ ಸುಮಾರು 35 ಕಿಲೋ, ಮಳೆಯಲ್ಲಿ ನೀರು ಕುಡಿದರೆ ಇನ್ನೂ ಜಾಸ್ತಿ. ಪ್ಯಾನೆಲ್ ಒಂದಕ್ಕೆ ಸುಮಾರು 28 ಕಿಲೋ, ಜಾಗ ಎರಡೂವರೆ ಚದರ ಮೀಟರ್. ಅಲ್ಯುಮಿನಿಯಂ ಪಟ್ಟಿ ಎಲ್ಲ ಸೇರಿದರೂ ಚದರ ಮೀಟರಿಗೆ 13 ಕಿಲೋ ಒಳಗೆ. ಹಾಗಾಗಿ ಗಟ್ಟಿ ಮರದ ಮಾಡಿಗೆ ಇದು ದೊಡ್ಡ ಹೊರೆ ಅಲ್ಲ. ನಿಜವಾದ ಭಯ ಗಾಳಿಯದು. ಜೂನ್ ತಿಂಗಳ ಗಾಳಿ ಪ್ಯಾನೆಲ್ ಕೆಳಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಹಂಚು ತನ್ನ ಭಾರಕ್ಕೇ ಕೂತಿರುತ್ತದೆ, ಪ್ಯಾನೆಲ್ ಹಾಗಲ್ಲ, ಅದು ಪಕ್ಕಾಸಿಗೇ ಕಚ್ಚಿರಬೇಕು.

ಮೂರು ಪಕ್ಕಾಸು ಪೂರ್ತಿ ಬದಲಿಸಿದೆವು. ಎರಡಕ್ಕೆ ಕೊಳೆತ ತುದಿ ಕತ್ತರಿಸಿ, ಓರೆ ಕಚ್ಚು ಹಾಕಿ ಹೊಸ ತುಂಡು ಜೋಡಿಸಿದರು. ಮರ ಹಳೆಯದೇ. ಶಿರಸಿಯಲ್ಲಿ ಕೆಡವಿದ ಒಂದು ಮನೆಯ ಮತ್ತಿ ಮರ ಸಿಕ್ಕಿತು. ನೂರು ಮಳೆಗಾಲ ಕಂಡ ಮರ ಇನ್ನು ಸೊಟ್ಟ ಆಗುವುದಿಲ್ಲ ಅನ್ನುವುದು ಆಚಾರ್ರ ಮಾತು. ಎಲ್ಲಕ್ಕೂ ಗೇರೆಣ್ಣೆ ಬಳಿದೆವು. ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ, ಕೈಗವಸು ಹಾಕಿಕೊಳ್ಳಿ. ದಬ್ಬೆ ತೆಗೆದು ಮರದ ರೀಪು ಹೊಡೆದೆವು.

ಹಂಚುಗಳ ಹಿಂದೆ ಬಾಸೆಲ್ ಮಿಷನ್ ಅಚ್ಚು, 1865 ಅಂತ ಬರೆದಿದೆ. ಅದು ಹಂಚು ಸುಟ್ಟ ವರ್ಷ ಅಲ್ಲ, ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ತುಂಬಾ ಜನ ತಮ್ಮ ಮನೆಯ ವಯಸ್ಸನ್ನು ಇದರಿಂದ ಲೆಕ್ಕ ಹಾಕುತ್ತಾರೆ, ಹಾಗೆ ಮಾಡಬೇಡಿ. ಹಂಚನ್ನು ಒಂದೊಂದಾಗಿ ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು, ಬೆರಳಲ್ಲಿ ಬಡಿದು ನೋಡಿದೆವು. ಠಣ್ ಅಂದರೆ ಒಳ್ಳೆಯದು, ಬೊದ್ದು ಸದ್ದು ಬಂದರೆ ಬಿರುಕಿದೆ ಅಂತ ಅರ್ಥ. ಅದೇ ಅಚ್ಚಿನ 40 ಹಂಚು ಹೆಚ್ಚುವರಿ ಹುಡುಕಿ ತಂದು ಅಟ್ಟದ ಮೇಲೆ ಜೋಡಿಸಿಟ್ಟೆ. ಪ್ಯಾನೆಲ್ ಕೆಳಗಿನ ಹಂಚು ಒಡೆದಾಗ ಬೇರೆ ಕಾರ್ಖಾನೆಯ ಹಂಚು ತಂದರೆ ತೋಡಿಗೆ ತೋಡು ಸರಿಯಾಗಿ ಕೂರುವುದಿಲ್ಲ.

ಮಾರ್ಚ್: ಹುಕ್ಕು ಕೂರಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಹಂಚಿನ ಮಾಡಿಗೆ ಟೈಲ್ ಹುಕ್ ಅಂತ ಸಿಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಬುಡದಲ್ಲಿ ಅಂಗೈಯಗಲದ ತಗಡು, ಅದು ಪಕ್ಕಾಸಿಗೆ ಸ್ಕ್ರೂ ಆಗುತ್ತದೆ. ಅಲ್ಲಿಂದ ಒಂದು ಬಾಗಿದ ತೋಳು ಎರಡು ಹಂಚು ಒಂದರ ಮೇಲೊಂದು ಕೂರುವ ಸಂದಿಯಿಂದ ಹೊರಗೆ ಬಂದು ಮೇಲಕ್ಕೆ ತಿರುಗುತ್ತದೆ. ಅದರ ತುದಿಗೆ ಅಲ್ಯುಮಿನಿಯಂ ಪಟ್ಟಿ, ಪಟ್ಟಿಯ ಮೇಲೆ ಪ್ಯಾನೆಲ್. ಹೀಗೆ ಒಂದು ಹಂಚೂ ತೂತಾಗುವುದಿಲ್ಲ. ಎರಡು ಸಾಲು ಪಟ್ಟಿ, ಸಾಲಿಗೆ ಏಳು ಹುಕ್ಕು, ಒಟ್ಟು 14. ನಾಲ್ಕಡಿಗೆ ಒಂದು, ಅಂದರೆ ಒಂದು ಬಿಟ್ಟು ಒಂದು ಪಕ್ಕಾಸಿಗೆ. ಒಂದೊಂದು ಹುಕ್ಕಿಗೆ ಮೂರು ಸ್ಟೇನ್‌ಲೆಸ್ ಸ್ಕ್ರೂ, 8 ಮಿಲಿಮೀಟರ್ ದಪ್ಪ. ಹಳೆ ಮತ್ತಿ ಮರಕ್ಕೆ ನೇರ ಸ್ಕ್ರೂ ಹೊಡೆದರೆ ಮರ ಸೀಳುತ್ತದೆ, ಇಲ್ಲವೇ ಸ್ಕ್ರೂ ತಲೆ ಮುರಿಯುತ್ತದೆ. ಮೊದಲು ಸಣ್ಣ ಬೈರಿಗೆಯಲ್ಲಿ ತೂತು ಕೊರೆದುಕೊಂಡು, ಸ್ಕ್ರೂಗೆ ಸ್ವಲ್ಪ ಸೋಪು ಸವರಿ ತಿರುಗಿಸಿ.

ಎರಡು ತೊಂದರೆ ಎದುರಾದವು. ಮೊದಲನೆಯದು, ಹಳೆ ಮನೆಯ ಪಕ್ಕಾಸು ಅಳತೆಗೆ ಸರಿಯಾಗಿ ಇರುವುದಿಲ್ಲ. ಹುಕ್ಕಿನ ತೋಳು ಹಂಚಿನ ತಗ್ಗಿನಲ್ಲಿ ಬರಬೇಕು, ಉಬ್ಬಿನ ಮೇಲೆ ಬಂದರೆ ಮೇಲಿನ ಹಂಚು ಕೂರುವುದಿಲ್ಲ. 14ರಲ್ಲಿ ಐದು ಕಡೆ ಪಕ್ಕಾಸು ಉಬ್ಬಿನ ನೇರಕ್ಕೇ ಇತ್ತು. ಅಲ್ಲಿ ಆಚಾರ್ರು ಎರಡು ಪಕ್ಕಾಸಿನ ನಡುವೆ ಮೂರಿಂಚು ದಪ್ಪದ ಅಡ್ಡಪಟ್ಟಿ ಕೂರಿಸಿ, ಹುಕ್ಕನ್ನು ಅದಕ್ಕೆ ಹೊಡೆದರು. ಎರಡನೆಯದು, ತೋಳಿನ ದಪ್ಪ. ಅದು ಸಂದಿಯಲ್ಲಿ ಬಂದಾಗ ಮೇಲಿನ ಹಂಚು ಅಷ್ಟು ಎತ್ತರ ಎದ್ದು ನಿಲ್ಲುತ್ತದೆ. ಆ ಹಂಚಿನ ಒಳಮೈಯಲ್ಲಿ ತೋಳಿನಗಲಕ್ಕೆ ಗ್ರೈಂಡರಿನಿಂದ ಉಜ್ಜಿ ಜಾಗ ಮಾಡಬೇಕು. ಕೆಳಗಿನ ಹಂಚಿಗೆ ತೋಳು ತಾಗಲೇಬಾರದು, ಒಂದು ಬೆರಳು ಹೋಗುವಷ್ಟು ಸಂದಿ ಇರಬೇಕು. ತಾಗಿದರೆ ಗಾಳಿಗೆ ಅಲುಗಾಡಿ ಹಂಚು ಒಡೆಯುತ್ತದೆ.

ಒಳ್ಳೆಯ ಹಂಚನ್ನು ಉಜ್ಜಲು ನನಗೆ ಮನಸ್ಸಾಗಲಿಲ್ಲ. ತುದಿ ಸ್ವಲ್ಪ ಮುಕ್ಕಾದ 14 ಹಂಚು ಆರಿಸಿ, ಅವನ್ನೇ ಉಜ್ಜಿ ಅಲ್ಲಿ ಹಾಕಿದೆವು. ನಾಳೆ ಹುಕ್ಕು ತೆಗೆದರೆ ಅಟ್ಟದ ಹಂಚು ಹಾಕಿದರಾಯಿತು, ಪಕ್ಕಾಸು, ಅಡ್ಡಪಟ್ಟಿಗಳಲ್ಲಿ 42 ಸಣ್ಣ ತೂತು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ.

ಪ್ಯಾನೆಲ್ ಏರಿಸಿದ್ದು ಒಂದೇ ಬೆಳಿಗ್ಗೆ. ಅಡಿಕೆ ಮರದ ಏಣಿ ಎರಡು ಪಕ್ಕ ಪಕ್ಕ ಕಟ್ಟಿ, ಅದರ ಮೇಲೆ ಹಗ್ಗ ಹಾಕಿ ಜಾರಿಸುತ್ತಾ ಎಳೆದರು. ಮಾಡಿನ ಅಂಚಿನಿಂದ ಒಂದೂವರೆ ಅಡಿ ಒಳಗೇ ನಿಲ್ಲಿಸಿದೆವು, ಅಂಚಿನಲ್ಲಿ ಗಾಳಿಯ ಹೊಡೆತ ಜಾಸ್ತಿ. ಹಂಚಿಗೂ ಪ್ಯಾನೆಲ್‌ಗೂ ನಡುವೆ ಸಂದಿ ಇರುವುದರಿಂದ ಗಾಳಿಯಾಡುತ್ತದೆ. ಅದು ಬೇಕೇ ಬೇಕು. ಪ್ಯಾನೆಲ್ ಬಿಸಿ 25 ಡಿಗ್ರಿ ಮೇಲೆ ಏರಿದಂತೆ ಒಂದೊಂದು ಡಿಗ್ರಿಗೆ ಸುಮಾರು 0.33 ಪರ್ಸೆಂಟಿನಷ್ಟು ಉತ್ಪಾದನೆ ಇಳಿಯುತ್ತದೆ.

ಕೊಟ್ಟಿಗೆ ಇರುವವರಿಗೆ ಒಂದು ಮಾತು. ಸಗಣಿ ಗಂಜಳದಿಂದ ಏಳುವ ಅಮೋನಿಯ ಪ್ಯಾನೆಲ್‌ನ ಚೌಕಟ್ಟು, ಕನೆಕ್ಟರ್ ಎಲ್ಲ ತಿನ್ನುತ್ತದೆ. ಅದಕ್ಕೆಂದೇ ಐಇಸಿ 62716 ಅನ್ನುವ ಪರೀಕ್ಷೆ ಇದೆ. ಕೊಳ್ಳುವಾಗ ಪ್ಯಾನೆಲ್‌ನ ವಿವರ ಪಟ್ಟಿಯಲ್ಲಿ ಆ ಸಂಖ್ಯೆ ಇದೆಯಾ ನೋಡಿ. ನಮಗೆ ಮೊದಲು ತೋರಿಸಿದ ಪ್ಯಾನೆಲ್‌ನಲ್ಲಿ ಇರಲಿಲ್ಲ, ಬದಲಾಯಿಸಿಕೊಂಡೆವು.

ವೈರು, ಇನ್ವರ್ಟರ್, ಅರ್ಥಿಂಗ್

ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು, ನಾನು ಪಕ್ಕದಲ್ಲಿ ನಿಂತು ನೋಡಿದೆ ಅಷ್ಟೇ. ಆರು ಪ್ಯಾನೆಲ್ ಸಾಲಾಗಿ ಕೂಡಿದರೆ ಸುಮಾರು 300 ವೋಲ್ಟ್ ಡಿಸಿ. ಬಿಸಿಲಿರುವವರೆಗೆ ಅದನ್ನು ಆಫ್ ಮಾಡಲು ಆಗುವುದಿಲ್ಲ. ಎಸಿ ಶಾಕ್‌ಗಿಂತ ಇದರ ಕಿಡಿ ಅಪಾಯ, ಹತ್ತಿಕೊಂಡರೆ ಆರುವುದಿಲ್ಲ, ಕೆಳಗೆ ಒಣಹುಲ್ಲು ಇರುವ ಜಾಗ ಬೇರೆ. ಹುಲ್ಲನ್ನು ಆ ಅಟ್ಟದಿಂದ ಶಾಶ್ವತವಾಗಿ ತೆಗೆದು ಬೇರೆ ಕಡೆ ಮೆದೆ ಹಾಕಿದೆವು.

ಪ್ಯಾನೆಲ್‌ನ ಡಿಸಿಯನ್ನು ಮನೆಗೆ ಬೇಕಾದ ಎಸಿ ಮಾಡುವ ಇನ್ವರ್ಟರಿನ ತನಕ 28 ಮೀಟರ್ ವೈರು. 4 ಚದರ ಮಿಲಿಮೀಟರ್ ವೈರಿನಲ್ಲಿ ಒಂದೂವರೆ ಪರ್ಸೆಂಟ್ ನಷ್ಟವಾಗುತ್ತಿತ್ತು, 6 ಹಾಕಿಸಿದ್ದಕ್ಕೆ ಒಂದಕ್ಕೆ ಇಳಿಯಿತು. ಇಡೀ ವೈರು ಪೈಪಿನೊಳಗೆ. ನಮ್ಮಲ್ಲಿ ಮಂಗ, ಇಲಿ, ಅಳಿಲು ಮೂರೂ ಇವೆ. ಬಿಟ್ಟ ವೈರು ಒಂದು ತಿಂಗಳೂ ಬಾಳುವುದಿಲ್ಲ.

ಇನ್ವರ್ಟರನ್ನು ಅಟ್ಟದಲ್ಲಿ ಇಡಬೇಕು ಅಂತ ಹೇಳಿದರು. ಮಾರ್ಚ್ ಮಧ್ಯಾಹ್ನ ನಮ್ಮ ಅಟ್ಟದಲ್ಲಿ ನಿಲ್ಲಲು ಆಗುವುದಿಲ್ಲ, ಅಷ್ಟು ಸೆಕೆ. ಹಿಂದಿನ ಜಗುಲಿಯ ಉತ್ತರದ ಗೋಡೆ ಆರಿಸಿದೆ. ಆದರೆ ಮಣ್ಣಿನ ಗೋಡೆಗೆ ಬೋಲ್ಟು ಹಿಡಿಯುವುದಿಲ್ಲ, ಗೋಡೆಯೇ ಉದುರುತ್ತದೆ. ನೆಲದಿಂದ ತೊಲೆಯವರೆಗೆ ಎರಡು ಮರದ ಕಾಲು ನಿಲ್ಲಿಸಿ, ಅಡ್ಡಕ್ಕೆ ಹಲಗೆ ಕೂಡಿಸಿ, ಹಲಗೆಗೆ ಇನ್ವರ್ಟರ್ ನೇತುಹಾಕಿದೆವು. ಗೋಡೆಗೆ ಒಂದು ತೂತೂ ಇಲ್ಲ. ಹಿಂದೆ ಗಾಳಿಯೂ ಆಡುತ್ತದೆ.

ಅರ್ಥಿಂಗ್ ಮೂರು ಬೇರೆ ಬೇರೆ. ಡಿಸಿಗೆ ಒಂದು, ಎಸಿಗೆ ಒಂದು, ಸಿಡಿಲು ತಡೆಗೆ ಒಂದು. ನಮ್ಮದು ಚಿರೆಕಲ್ಲಿನ ನೆಲ, ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಅರ್ಥ್ ಸರಿಯಾಗಿ ಸಿಗುವುದಿಲ್ಲ. ಮೊದಲ ಸಲ ಅಳೆದಾಗ 11 ಓಮ್ ಬಂತು. ಗುಂಡಿ ಅಗಲ ಮಾಡಿ, ಬೆಂಟೋನೈಟ್ ಮಣ್ಣು ತುಂಬಿ, ಬಚ್ಚಲ ನೀರು ಹೋಗುವ ತೋಡಿನ ಹತ್ತಿರ ಇನ್ನೊಂದು ಸರಳು ಇಳಿಸಿ ಎರಡನ್ನೂ ಕೂಡಿಸಿದ ಮೇಲೆ 4ಕ್ಕೆ ಬಂತು. ಏಪ್ರಿಲ್ ಮೇ ತಿಂಗಳ ಸಿಡಿಲು ಗೊತ್ತಲ್ವಾ, ಇದರಲ್ಲಿ ದುಡ್ಡು ಉಳಿಸಬೇಡಿ. ಮಾರ್ಚ್ ಕೊನೆಗೆ ಹೆಸ್ಕಾಂ ಪರಿಶೀಲನೆ ಆಗಿ ಬರುವ, ಹೋಗುವ ಕರೆಂಟ್ ಎರಡನ್ನೂ ಎಣಿಸುವ ಮೀಟರ್ ಕೂತಿತು.

ಏಪ್ರಿಲ್ 27: ಸೋರಿತು

ಮೊದಲ ಅಡ್ಡಮಳೆ. ಗಾಳಿ ಜೋರು. ಕೊಟ್ಟಿಗೆಯಲ್ಲಿ ಎರಡು ಕಡೆ ನೀರು ತೊಟ್ಟಿಕ್ಕಿತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆಯಿ ಏನೂ ಅನ್ನಲಿಲ್ಲ, ಎರಡು ಬಕೆಟ್ ತಂದು ಇಟ್ಟರು.

ಬೆಳಿಗ್ಗೆ ಕ್ಲಾಂಪ್ ಬಿಚ್ಚಿ ಎರಡು ಪ್ಯಾನೆಲ್ ಇಳಿಸಿದೆವು. ಕಾರಣ ಕೂಡಲೇ ಸಿಕ್ಕಿತು. ಕೊನೆಯ ಎರಡು ಹಂಚನ್ನು ಸಂಜೆಯ ಗಡಿಬಿಡಿಯಲ್ಲಿ ಸಾಕಷ್ಟು ಉಜ್ಜಿರಲಿಲ್ಲ. ಅವು ಕಾಲಿಂಚು ಎದ್ದು ನಿಂತಿದ್ದವು. ನೇರ ಮಳೆಗೆ ಏನೂ ಆಗುವುದಿಲ್ಲ, ಗಾಳಿ ಕೆಳಗಿನಿಂದ ಮೇಲಕ್ಕೆ ನೀರು ಒತ್ತಿದಾಗ ಒಳಗೆ ಬರುತ್ತದೆ. ಹಂಚು ಮತ್ತೆ ಉಜ್ಜಿ ಸರಿ ಕೂರಿಸಿದೆವು. ಅಷ್ಟಕ್ಕೇ ನಿಲ್ಲಿಸದೆ, 14 ಹುಕ್ಕಿನ ಕೆಳಗೂ ಒಂದೊಂದು ಅಲ್ಯುಮಿನಿಯಂ ತಗಡು, ಒಂದಡಿ ಅಗಲ ಒಂದೂವರೆ ಅಡಿ ಉದ್ದ, ಹಂಚಿನ ಆಕಾರಕ್ಕೆ ಬಗ್ಗಿಸಿ ಇಟ್ಟೆವು. ನೀರು ಒಳಗೆ ಬಂದರೂ ತಗಡಿನ ಮೇಲೆ ಹರಿದು ಕೆಳಗಿನ ಹಂಚಿಗೆ ಹೋಗುತ್ತದೆ. ಇದನ್ನು ಮೊದಲೇ ಮಾಡಬೇಕಿತ್ತು. ಒಂದು ತಗಡಿಗೆ ನೂರು ರೂಪಾಯಿ ಕೂಡ ಬೀಳುವುದಿಲ್ಲ. ಸಿಲಿಕಾನ್ ಅಂಟು ಹಚ್ಚಿ ಮುಗಿಸಿ ಅಂತ ಹೇಳಿದವರಿದ್ದರು. ಅಂಟು ಹಚ್ಚಿದ ಹಂಚನ್ನು ಒಡೆಯದೆ ತೆಗೆಯಲು ಆಗುವುದಿಲ್ಲ, ಬೇಡವೇ ಬೇಡ.

ಆಮೇಲೆ ಇಡೀ ಮಳೆಗಾಲ ಒಂದು ಹನಿ ಸೋರಲಿಲ್ಲ.

ಏಳನೆಯ ಪ್ಯಾನೆಲ್

ಹೆಚ್ಚಿನವರಿಗೆ ಇದು ಗೊತ್ತಿಲ್ಲ, ಮಾರುವವರೂ ಬಿಡಿಸಿ ಹೇಳುವುದಿಲ್ಲ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವ ಆನ್‌ಗ್ರಿಡ್ (ಹೊರಗಿನ ಕರೆಂಟ್ ಲೈನಿಗೆ ಕೂಡಿಸಿದ) ಇನ್ವರ್ಟರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಬಿಸಿಲು ಉರಿಯುತ್ತಿದ್ದರೂ ಮನೆಯಲ್ಲಿ ದೀಪ ಇಲ್ಲ. ಅದು ದೋಷ ಅಲ್ಲ, ಹಾಗೆಯೇ ಇರಬೇಕು. ಲೈನ್‌ಮನ್ ಕಂಬ ಹತ್ತಿರುವಾಗ ನಮ್ಮ ಮಾಡಿನಿಂದ ತಂತಿಗೆ ಕರೆಂಟ್ ಹರಿದರೆ ಅವರ ಜೀವ ಹೋಗುತ್ತದೆ.

ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಅದಕ್ಕೇ ಏಳನೆಯದು. 165 ವ್ಯಾಟಿನ 12 ವೋಲ್ಟ್ ಪ್ಯಾನೆಲ್, ಸಾಲಿನ ತುದಿಯಲ್ಲಿ, ಬೇರೆಯೇ ಹುಕ್ಕುಗಳ ಮೇಲೆ. ಅದರ ವೈರು ಚಾರ್ಜ್ ಕಂಟ್ರೋಲರ್ ಮೂಲಕ ನೇರ ನಮ್ಮ ಹಳೆ ಯುಪಿಎಸ್ಸಿನ 150 ಆಂಪಿಯರ್ ಅವರ್ ಬ್ಯಾಟರಿಗೆ. ಮುಖ್ಯ ಸೋಲಾರಿಗೂ ಇದಕ್ಕೂ ಸಂಬಂಧವೇ ಇಲ್ಲ. ಜುಲೈಯಲ್ಲಿ ಒಂದು ಸಲ ಮೂರು ರಾತ್ರಿ ಕರೆಂಟ್ ಹೋಯಿತು. ಮೋಡ ಕವಿದ ದಿನವೂ 15ರಿಂದ 20 ಆಂಪಿಯರ್ ಅವರ್ ತುಂಬಿತು, ಐದು ಎಲ್‌ಇಡಿ ಬಲ್ಬು ಸಂಜೆಯಿಂದ ಮಲಗುವ ತನಕ ಉರಿಯಲು ಅಷ್ಟು ಸಾಕು. ಒಂದು ಉಪಾಯ: ಹಗಲು ಯುಪಿಎಸ್ ಸ್ವಿಚ್ ಪೂರ್ತಿ ಆಫ್ ಮಾಡಿ. ಸುಮ್ನೆ ಆನ್ ಇದ್ದರೂ ಅದೇ ಹತ್ತು ಹದಿನೈದು ವ್ಯಾಟ್ ತಿನ್ನುತ್ತದೆ, ಮೋಡದ ದಿನ ತುಂಬಿದ್ದರಲ್ಲಿ ದೊಡ್ಡ ಪಾಲು ಅಲ್ಲೇ ಖಾಲಿ.

ಈಗಿನ ಲೆಕ್ಕ

ಮಾರಾಟಗಾರರಿಗೆ ಕೊಟ್ಟಿದ್ದು 2,05,000. ಹುಕ್ಕಿನ ಕೆಲಸಕ್ಕೆ ಅವರು ಸ್ವಲ್ಪ ಜಾಸ್ತಿ ಹಾಕಿದರು, ಅದು ನ್ಯಾಯವೇ. ಸಹಾಯಧನ 78,000 ಖಾತೆಗೆ ಬಂತು. ಮಾಡಿನ ದುರಸ್ತಿಗೆ 46,000, ಸೋಲಾರ್ ಹಾಕದಿದ್ದರೂ ಎರಡು ವರ್ಷದಲ್ಲಿ ಮಾಡಲೇಬೇಕಿದ್ದ ಖರ್ಚು. ಸಣ್ಣ ಪ್ಯಾನೆಲ್ ಮತ್ತು ಕಂಟ್ರೋಲರ್‌ಗೆ 9,000. ಏಪ್ರಿಲ್‌ನಲ್ಲಿ ದಿನಕ್ಕೆ 13 ಯೂನಿಟ್‌ವರೆಗೆ ಬಂತು. ಜುಲೈಯಲ್ಲಿ ಸರಾಸರಿ 5, ಒಂದು ದಿನ ಒಂದೂವರೆ ಮಾತ್ರ. ಅಕ್ಟೋಬರ್ ಕೊನೆಯಿಂದ ಮತ್ತೆ 12ರ ಮೇಲೆ. ಕೊಟ್ಟಿಗೆಯೂ ತಂಪಾಗಿದೆ, ಪ್ಯಾನೆಲ್‌ನ ನೆರಳು ಹಂಚಿನ ಮೇಲೆ ಬೀಳುತ್ತದಲ್ಲ. ಮಧ್ಯಾಹ್ನ ದನಗಳು ಆ ಪಕ್ಕದಲ್ಲೇ ಮಲಗುತ್ತವೆ.

ಕಳೆದ ವಾರ ಮಂಗಗಳ ಹಿಂಡು ಬಂದು ಹಾರಿ, ನಾಲ್ಕನೆಯ ಪ್ಯಾನೆಲ್‌ನ ಕೆಳಗೆ ಒಂದು ಹಂಚು ಒಡೆಯಿತು. ಸಂಜೆ ಕತ್ತಲಾದ ಮೇಲೆ, ಡಿಸಿ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕನೆಕ್ಟರ್ ಬಿಚ್ಚಿಕೊಟ್ಟರು. ನಾಲ್ಕು ಕ್ಲಾಂಪ್ ಸಡಿಲಿಸಿ ನಾನೂ ಅಣ್ಣನೂ ಪ್ಯಾನೆಲ್ ಎತ್ತಿ ಹಿಡಿದೆವು, ಆಚಾರ್ರು ಅಟ್ಟದಿಂದ ಒಂದು ಹಂಚು ತಂದು ಬಡಿದು ನೋಡಿ, ಠಣ್ ಅಂದ ಮೇಲೆ ಒಳಗೆ ಜಾರಿಸಿದರು. ಇಪ್ಪತ್ತು ನಿಮಿಷ. ಅಟ್ಟದಲ್ಲಿ ಇನ್ನು 39 ಹಂಚು ಇವೆ.